ಬಿಡಿಸಿ ಯಾರಿಗೆ ಕೊಟ್ಟರು?

2018ರ ಸೆಪ್ಟೆಂಬರ್ ತಿಂಗಳು. ಮೂರನೇ ಪೀರಿಯಡ್ಡು ಮುಗಿಸಿ ಸ್ಟಾಫ್ ರೂಮಿಗೆ ಬಂದು ಕೂತಿದ್ದೆ. ಹೆಡ್‌ಮಾಷ್ಟ್ರು ಜವಾನನ ಕೈಲಿ ಎರಡು ಹಾಳೆ ಕಳಿಸಿಕೊಟ್ಟರು. ಯಾವುದೋ ಒಂದು ಸಂಘದವರು ಊರಿನ ಶಾಲೆಗಳಿಗೆಲ್ಲ ಹಂಚಿದ್ದ ಭಾಷಣ ಅದು. ಸೆಪ್ಟೆಂಬರ್ 23ಕ್ಕೆ ಹೈಫಾ ಕದನಕ್ಕೆ ನೂರು ವರ್ಷ ತುಂಬುತ್ತದೆ, ಆ ದಿನ ಭಾನುವಾರವಾದ್ದರಿಂದ ಶನಿವಾರವೇ ಪ್ರಾರ್ಥನೆಯ ಹೊತ್ತಿನಲ್ಲಿ ಇದನ್ನು ಮಕ್ಕಳಿಗೆ ಓದಿ ಹೇಳಬೇಕು ಎಂದಿತ್ತು. ಸಮಾಜ ವಿಜ್ಞಾನದ ಟೀಚರ್ ನಾನೇ ಆದ್ದರಿಂದ ಓದುವ ಭಾರ ನನ್ನದು. ಪಠ್ಯದ ಹೊರಗಿನ ಇಂಥ ಕೆಲಸಗಳೆಲ್ಲ ಸಮಾಜ ವಿಜ್ಞಾನದವರ ತಲೆಗೇ ಬರುತ್ತವೆ. ಗಣಿತದವರನ್ನು ಯಾರೂ ಕೇಳುವುದಿಲ್ಲ.

ಹಾಳೆಯಲ್ಲಿದ್ದ ಕನ್ನಡ ಚೆನ್ನಾಗಿಯೇ ಇತ್ತು. ಮೈಸೂರಿನ ವೀರರು ಕುದುರೆಯೇರಿ ಭರ್ಜಿ ಹಿಡಿದು ಫಿರಂಗಿಗಳ ಬಾಯಿಗೇ ನುಗ್ಗಿ, ನಾನೂರು ವರ್ಷ ದಾಸ್ಯದಲ್ಲಿ ನರಳುತ್ತಿದ್ದ ಹೈಫಾ ನಗರವನ್ನು ವಿಮೋಚನೆಗೊಳಿಸಿದರು ಎಂಬುದು ಅದರ ಸಾರ. ‘ವಿಮೋಚನೆ’, ‘ವಿಮೋಚಕರು’ ಎಂಬ ಮಾತುಗಳು ಎರಡು ಹಾಳೆಯಲ್ಲಿ ಹನ್ನೊಂದು ಸಲ ಬಂದಿದ್ದವು. ಎಣಿಸುವ ಚಾಳಿ ನನಗೆ ಉತ್ತರ ಪತ್ರಿಕೆ ತಿದ್ದಿ ತಿದ್ದಿ ಬಂದದ್ದು.

ಒಂಬತ್ತನೇ ತರಗತಿಯಲ್ಲಿ ಒಮ್ಮೆ ಓದಿ ನೋಡೋಣವೆಂದು ಗಟ್ಟಿಯಾಗಿ ಓದಿದೆ. ಮಕ್ಕಳು ಬಾಯಿಬಿಟ್ಟುಕೊಂಡು ಕೇಳಿದರು. ಕುದುರೆ, ಭರ್ಜಿ, ಫಿರಂಗಿ ಇದ್ದರೆ ಯಾವ ಮಗು ಕೇಳುವುದಿಲ್ಲ? ಮುಗಿದ ಮೇಲೆ ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅದರ ಹಿಂದಿನ ವಾರವಷ್ಟೇ, ಸೆಪ್ಟೆಂಬರ್ 17ರ ಸಂದರ್ಭಕ್ಕೆಂದು, ಹೈದರಾಬಾದ್ ವಿಮೋಚನೆಯ ವಿಷಯ ಹೇಳಿದ್ದೆ. ಅವಳು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು.

“ಮಿಸ್, ಕಲಬುರಗಿ, ಬೀದರ್, ರಾಯಚೂರು ಎಲ್ಲಾನೂ ನಿಜಾಮನಿಂದ ಬಿಡಿಸಿ ಅಲ್ಲಿನ ಜನಕ್ಕೇ ಕೊಟ್ಟರು ಅಂದ್ರಿ. ಹೈಫಾನ ಬಿಡಿಸಿ ಯಾರಿಗೆ ಕೊಟ್ಟರು?”

ಮೂವತ್ತು ವರ್ಷಕ್ಕೆ ಹತ್ತಿರದ ಸರ್ವಿಸಿನಲ್ಲಿ ನನ್ನ ಬಾಯಿ ಕಟ್ಟಿಸಿದ ಪ್ರಶ್ನೆಗಳು ಎರಡೋ ಮೂರೋ. ಅವುಗಳಲ್ಲಿ ಇದೂ ಒಂದು. “ನಾಳೆ ಹೇಳ್ತೀನಿ, ಕೂತ್ಕೊ” ಎಂದೆ.

ಉತ್ತರ ಗೊತ್ತಿಲ್ಲದೆ ಹಾಗೆ ಹೇಳಿದ್ದಲ್ಲ. ಈ ಕುದುರೆ ಸವಾರರ ಕಥೆ ನನಗೆ ಆ ಹಾಳೆಗಳಿಂದ ತಿಳಿಯಬೇಕಾಗಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಬೆಂಗಳೂರು ದಂಡಿನ ಕಡೆ, ಮುನಿರೆಡ್ಡಿಪಾಳ್ಯದ ಒಂದು ಸಂದಿಯಲ್ಲಿ. ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ದಳದ ಸ್ಮಾರಕಸ್ತಂಭವಿದೆ. ಮೊದಲ ಮಹಾಯುದ್ಧದಲ್ಲಿ ಈಜಿಪ್ಟು, ಪ್ಯಾಲೆಸ್ತೀನುಗಳ ಕಡೆ ಹೋಗಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲು. ನಮಗೆ ಮಕ್ಕಳಿಗೆ ಅದು ಬರೀ ‘ಕಲ್ಲು’. ಅದರ ಹತ್ತಿರ ತಿರುಗು, ಅದರಿಂದ ಮುಂದೆ ಹೋಗಬೇಡ ಎಂದು ಅಂಗಡಿಗೆ ಕಳಿಸುವಾಗ ದೊಡ್ಡವರು ಹೇಳುತ್ತಿದ್ದ ಗುರುತು.

ಅಜ್ಜಿಗೆ ಮಾತ್ರ ಅದು ಬೇರೆ. ಅಜ್ಜಿಯ ದೊಡ್ಡಣ್ಣ ಆ ದಳದ ಜೊತೆ ಹೋಗಿ ಬಂದವನು. ಸವಾರನಾಗಿ ಅಲ್ಲ, ಕುದುರೆ ಮಾಲೀಸು ಮಾಡುವ, ಹುಲ್ಲು ನೀರು ನೋಡಿಕೊಳ್ಳುವ ಆಳಾಗಿ. ಅವನನ್ನು ನಾನು ನೋಡಿಲ್ಲ, ನಾನು ಹುಟ್ಟುವ ಮುಂಚೆಯೇ ತೀರಿಕೊಂಡಿದ್ದ. ಆದರೆ ಅವನ ಮಾತುಗಳು ಅಜ್ಜಿಯ ಬಾಯಲ್ಲಿ ಉಳಿದಿದ್ದವು. ಅವನು ಹೈಫಾ ಎಂಬ ಹೆಸರನ್ನೇ ಎತ್ತುತ್ತಿರಲಿಲ್ಲವಂತೆ. ಹೋದ ನಾಡಿಗೆಲ್ಲ ಅವನದು ಒಂದೇ ಹೆಸರು, ‘ಮಿಸರ’. ಮಿಸರದಲ್ಲಿ ನೀರಿಲ್ಲ, ಮನುಷ್ಯರು ಹೇಗೋ ತಡೀತಾರೆ, ಕುದುರೆ ತಡೆಯಲ್ಲ. ರಾತ್ರಿ ಲಾಯದಲ್ಲಿ ನಾಲಗೆ ಚಾಚಿ ಗೂಟ ನೆಕ್ಕುತ್ತವೆ. “ನಮ್ಮಣ್ಣಯ್ಯ ಅಷ್ಟು ಹೇಳಿ ಎದ್ದು ಹೋಗಿಬಿಡೋನು” ಎನ್ನುತ್ತಿದ್ದಳು ಅಜ್ಜಿ. ಅವನು ಸಾಕಿದ ಕುದುರೆ ಅಲ್ಲೇ ಸತ್ತಿತು. ಊರಿಗೆ ಬಂದಮೇಲೆ ಜಟಕಾ ಓಡಿಸು ಎಂದರೆ ಒಪ್ಪಲಿಲ್ಲ, ತರಕಾರಿ ಗಾಡಿ ತಳ್ಳಿದ. ಯಾರನ್ನೋ ವಿಮೋಚನೆ ಮಾಡಿ ಬಂದೆ ಎಂದು ಅವನು ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ಅಜ್ಜಿ ಬಿಡುತ್ತಿರಲಿಲ್ಲ, ಊರಿಗೆಲ್ಲ ಸಾರುತ್ತಿದ್ದಳು.

ಈಗ ಹೈಫಾದಲ್ಲಿ ನಡೆದದ್ದನ್ನು ಹೇಳಬೇಕು, ಏಕೆಂದರೆ ಆ ಸವಾರರ ಧೈರ್ಯದಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. 1918ರ ಸೆಪ್ಟೆಂಬರ್ 19ರಂದು ಬ್ರಿಟಿಷ್ ಸೇನೆ ಪ್ಯಾಲೆಸ್ತೀನಿನಲ್ಲಿ ತುರ್ಕರ ಸಾಲನ್ನು ಒಡೆದು ಉತ್ತರಕ್ಕೆ ನುಗ್ಗಿತು. ನುಗ್ಗಿದ ಸೈನ್ಯಕ್ಕೆ ರೇಷನ್ ಬೇಕು, ಕುದುರೆಗೆ ದಾಣಿ ಬೇಕು, ಅದನ್ನು ಹಡಗಿನಿಂದ ಇಳಿಸಲು ಬಂದರು ಬೇಕು. ಹೈಫಾ ಬಂದರು, ಜೊತೆಗೆ ಅಲ್ಲಿಗೆ ರೈಲೂ ಇತ್ತು. ಕಬ್ಬಿಣದ ಕವಚದ ಮೋಟಾರುಗಳನ್ನು 22ರಂದು ಕಳಿಸಿ ನೋಡಿದರು, ಗುಂಡಿನ ಮಳೆಗೆ ಹಿಂದಿರುಗಿದವು. ಮಾರನೇ ದಿನ ಹದಿನೈದನೇ ಇಂಪೀರಿಯಲ್ ಸರ್ವಿಸ್ ಅಶ್ವದಳಕ್ಕೆ ಆಜ್ಞೆಯಾಯಿತು. ಇದು ದೇಶೀ ಸಂಸ್ಥಾನಗಳ ಸವಾರರ ದಳ. ಆ ದಿನ ಮುಂದೆ ನಡೆದವರು ಜೋಧಪುರದವರು ಮತ್ತು ಮೈಸೂರಿನವರು.

ದಾರಿಯ ಒಂದು ಪಕ್ಕ ಕಾರ್ಮೆಲ್ ಬೆಟ್ಟ, ಮೇಲೆ ಫಿರಂಗಿ, ಇಳಿಜಾರಿನಲ್ಲಿ ಮೆಷಿನ್‌ಗನ್ನು. ಇನ್ನೊಂದು ಪಕ್ಕ ಕಿಶೋನ್ ಎಂಬ ಹೊಳೆ, ಅದರ ಸುತ್ತ ಕುದುರೆ ಹೂತುಹೋಗುವ ಕೆಸರು. ಜೋಧಪುರದವರು ಹೊಳೆ ದಾಟಲು ಹೋಗಿ ಆಗದೆ ಎಡಕ್ಕೆ ತಿರುಗಿ ನೇರ ಊರಿನ ದಾರಿಗೇ ನುಗ್ಗಿದರು. ಅವರ ಮೇಜರ್ ದಳಪತ್ ಸಿಂಗ್ ಅಲ್ಲೇ ಗುಂಡು ತಗಲಿ ಬಿದ್ದರು. ಮೈಸೂರಿನ ಒಂದು ತುಕಡಿಗೆ ಕೊಟ್ಟ ಕೆಲಸ ಬೆಟ್ಟ ಹತ್ತಿ ಫಿರಂಗಿಗಳನ್ನು ಹಿಡಿಯುವುದು. ಕುದುರೆಗೆ ಹೇಳಿಮಾಡಿಸಿದ ದಾರಿಯಲ್ಲ ಅದು, ಕಲ್ಲು ಮುಳ್ಳಿನ ಏರು. ಮೇಲೆ ಮುಟ್ಟುವಷ್ಟರಲ್ಲಿ ದಾಳಿಗೆ ಉಳಿದವರು ಕೆಲವೇ ಮಂದಿ, ಆದರೂ ಫಿರಂಗಿ ಹಿಡಿದರು. ಮಧ್ಯಾಹ್ನ ಕಳೆಯುವುದರೊಳಗೆ ಊರು ಕೈವಶವಾಯಿತು. ಸೆರೆಸಿಕ್ಕವರು 1350 ಮಂದಿ, ಹಿಡಿದ ಫಿರಂಗಿ 17. ದಳದ ಕಡೆ ಸತ್ತವರು 8, ಗಾಯಗೊಂಡವರು 34. ಕುದುರೆಗಳು 60 ಸತ್ತವು.

ಸತ್ತ ಮನುಷ್ಯರಿಗಿಂತ ಸತ್ತ ಕುದುರೆಗಳು ಏಳು ಪಾಲಿಗೂ ಹೆಚ್ಚು. ಅಜ್ಜಿಯ ಅಣ್ಣ ಜಟಕಾದ ಲಗಾಮು ಹಿಡಿಯದೆ ಹೋದದ್ದೇಕೆ ಎಂದು ನನಗೆ ಅರ್ಥವಾದದ್ದು ಈ ಲೆಕ್ಕ ಓದಿದ ಮೇಲೆ.

ಇದೆಲ್ಲ ಸರಿ. ಆದರೆ ಹುಡುಗಿ ಕೇಳಿದ್ದು ಇದನ್ನಲ್ಲ. ಅವಳ ಪ್ರಶ್ನೆಯ ಉತ್ತರ ಒಂದು ಕಾಗದದಲ್ಲಿದೆ. 1916ರಲ್ಲಿ, ಅಂದರೆ ನಮ್ಮ ಸವಾರರು ಕಾರ್ಮೆಲ್ ಬೆಟ್ಟ ಹತ್ತುವ ಎರಡು ವರ್ಷ ಮುಂಚೆಯೇ, ಇಂಗ್ಲೆಂಡು ಮತ್ತು ಫ್ರಾನ್ಸು ಗುಟ್ಟಾಗಿ ಕೂತು ತುರ್ಕರ ನಾಡನ್ನು ಪಾಲು ಹಾಕಿಕೊಂಡವು. ಸೈಕ್ಸ್-ಪಿಕೋ ಒಪ್ಪಂದ ಎಂದು ಅದಕ್ಕೆ ಹೆಸರು. ಹೈಫಾ ಮತ್ತು ಆಕ್ರಾ ಬಂದರುಗಳು ಇಂಗ್ಲೆಂಡಿನ ಪಾಲು ಎಂದು ಅದರಲ್ಲಿ ಬರೆದಿತ್ತು. 1917ರ ನವೆಂಬರಿನಲ್ಲಿ ಅದೇ ಇಂಗ್ಲೆಂಡು ಪ್ಯಾಲೆಸ್ತೀನಿನಲ್ಲಿ ಯೆಹೂದಿಗಳಿಗೆ ರಾಷ್ಟ್ರೀಯ ನೆಲೆ ಕಟ್ಟಿಕೊಡಲು ನೆರವಾಗುತ್ತೇವೆಂದು ಬಾಲ್ಫೋರ್ ಘೋಷಣೆ ಹೊರಡಿಸಿತು. ಅತ್ತ ಅರಬ್ಬರಿಗೂ ಸ್ವಾತಂತ್ರ್ಯದ ಆಸೆ ತೋರಿಸಿತ್ತು. ಕಡೆಗೆ ಆದದ್ದು 1948ರ ತನಕ ಬ್ರಿಟಿಷರ ಆಳ್ವಿಕೆ. ಆ ವರ್ಷದ ಏಪ್ರಿಲಿನಲ್ಲಿ ಹೈಫಾದ ಅರಬ್ಬರಲ್ಲಿ ಬಹುಪಾಲು ಮಂದಿ ಊರು ಬಿಟ್ಟು ಹೋಗಬೇಕಾಯಿತು. ಆ ನೆಲದ ಜಗಳ ಇನ್ನೂ ಮುಗಿದಿಲ್ಲ, 2023ರ ಅಕ್ಟೋಬರಿನಿಂದ ಅಲ್ಲಿ ಹರಿದ ರಕ್ತವನ್ನು ನಾವೆಲ್ಲ ಟೀವಿಯಲ್ಲಿ ನೋಡಿದ್ದೇವೆ. ಅದರ ತೀರ್ಪು ಹೇಳಲು ನಾನು ಯಾರೂ ಅಲ್ಲ. ನನ್ನ ತಕರಾರು ಇಷ್ಟೇ: ಒಬ್ಬರ ಬಿಡುಗಡೆ ಇನ್ನೊಬ್ಬರ ಗುಳೆಯಾದ ಊರಿಗೆ, ಏನೂ ಅರಿಯದ ನಮ್ಮ ಚನ್ನಪಟ್ಟಣ, ಕೋಲಾರ, ಶಿರಾ ಕಡೆಯ ಹೆಸರಿನಲ್ಲಿ, ನೂರು ವರ್ಷದ ನಂತರ ಯಾಕೆ ಪಟ್ಟ ಕಟ್ಟಬೇಕು?

ನ್ಯಾಯವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಯುದ್ಧದ ಆ ನಾಲ್ಕು ವರ್ಷ ತುರ್ಕರ ಆಡಳಿತ ಅಲ್ಲಿನ ಜನಕ್ಕೆ ಸುಖವೇನೂ ಆಗಿರಲಿಲ್ಲ. ಕ್ಷಾಮವಿತ್ತು, ಹುಡುಗರನ್ನು ಎಳೆದು ಸೈನ್ಯಕ್ಕೆ ಹಾಕುತ್ತಿದ್ದರು. ಹೈಫಾದಲ್ಲಿದ್ದ ಬಹಾಯಿ ಗುರು ಅಬ್ದುಲ್ ಬಹಾ ಅವರ ಪ್ರಾಣಕ್ಕೇ ತುರ್ಕಿ ಸೇನಾಧಿಕಾರಿಯ ಬೆದರಿಕೆ ಇತ್ತು. ಸವಾರರು ಊರು ಹೊಕ್ಕಾಗ ನಿಟ್ಟುಸಿರು ಬಿಟ್ಟವರು ಖಂಡಿತ ಇದ್ದರು. ಇದ್ದರೆ ಆ ನಿಟ್ಟುಸಿರಿಗೂ ಬೆಲೆಯಿದೆ. ಆದರೆ ಒಬ್ಬ ದಣಿ ಹೋಗಿ ಇನ್ನೊಬ್ಬ ದಣಿ ಬಂದರೆ ಅದನ್ನು ವಿಮೋಚನೆ ಎಂದು ಒಂಬತ್ತನೇ ಕ್ಲಾಸಿನ ಉತ್ತರ ಪತ್ರಿಕೆಯಲ್ಲಿ ಬರೆದರೆ ನಾನು ಮಾರ್ಕು ಕೊಡುವುದಿಲ್ಲ.

ಇನ್ನು ಬಿಡಿಸಲು ಹೋದವರ ಸ್ಥಿತಿ ಹೇಗಿತ್ತು? ಮೈಸೂರು ಆಗ ವರ್ಷ ವರ್ಷ ಬ್ರಿಟಿಷರಿಗೆ ಲಕ್ಷಗಟ್ಟಲೆ ಪೊಗದಿ ಕಟ್ಟುತ್ತಿದ್ದ ಸಂಸ್ಥಾನ. ರೆಸಿಡೆಂಟ್ ಸಾಹೇಬರ ಮುಖ ನೋಡದೆ ದೊಡ್ಡ ಕೆಲಸ ನಡೆಯುತ್ತಿರಲಿಲ್ಲ. ಯುದ್ಧ ಶುರುವಾದಾಗ ನಾಲ್ವಡಿಯವರು 50 ಲಕ್ಷ ರೂಪಾಯಿ ಕೊಟ್ಟರು, ಲ್ಯಾನ್ಸರುಗಳನ್ನೂ ಕಳಿಸಿದರು. ನಾಲ್ವಡಿಯವರನ್ನು ನಾನು ಆಡಿಕೊಳ್ಳುತ್ತಿಲ್ಲ. ಅವರ ಪುಣ್ಯದಿಂದಲೇ ನಮ್ಮಂಥ ಹೆಣ್ಣುಮಕ್ಕಳು ನಾಲ್ಕಕ್ಷರ ಕಂಡವರು. ಆದರೆ ಕಳಿಸದೆ ಇರುವ ಸ್ವಾತಂತ್ರ್ಯ ಅವರಿಗೂ ಇರಲಿಲ್ಲ. ದಳದಲ್ಲಿ ಮುಸಲ್ಮಾನ ಸವಾರರೂ ಇದ್ದರು. ಎದುರಿಗಿದ್ದ ತುರ್ಕಿಯ ಸುಲ್ತಾನ ಅವರ ಧರ್ಮದ ಖಲೀಫನೂ ಹೌದು. ಆ ಸವಾರನ ಮನಸ್ಸಿನಲ್ಲಿ ಅಂದು ಏನು ನಡೆದಿರಬಹುದು? ಹಂಚಿದ ಭಾಷಣದಲ್ಲಿ ಇಂಥದಕ್ಕೆಲ್ಲ ಜಾಗವಿರುವುದಿಲ್ಲ. ಹೈಫಾ ಹಿಡಿದ ಏಳು ತಿಂಗಳಿಗೆ, 1919ರ ಏಪ್ರಿಲ್ 13ರಂದು, ಅದೇ ಸಾಮ್ರಾಜ್ಯದ ಬಂದೂಕುಗಳು ಜಲಿಯನ್‌ವಾಲಾ ಬಾಗಿನಲ್ಲಿ ನಮ್ಮವರ ಕಡೆ ತಿರುಗಿದವು. ಮೈಸೂರಿನ ಪ್ರಜೆಗಳು 1938ರಲ್ಲಿ ವಿದುರಾಶ್ವತ್ಥದಲ್ಲಿ ಬಾವುಟ ಹಿಡಿದದ್ದಕ್ಕೆ ಗುಂಡು ತಿಂದರು. ಜವಾಬ್ದಾರಿ ಸರ್ಕಾರ ಬೇಕೆಂದು ಇಲ್ಲಿಯವರು 1947ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ, ಮೈಸೂರು ಚಲೋ ಮಾಡಬೇಕಾಯಿತು. ತಮಗೇ ಇಲ್ಲದ್ದನ್ನು ನಮ್ಮವರು ಹೈಫಾಕ್ಕೆ ಎಲ್ಲಿಂದ ತೆಗೆದುಕೊಂಡು ಹೋಗಿ ಕೊಡಬೇಕಿತ್ತು?

ನನಗೆ ಹೆಚ್ಚು ಸಂಕಟವಾಗುವುದು ಇನ್ನೊಂದಕ್ಕೆ. ಹೈಫಾ ಆದ ಒಂದು ತಿಂಗಳಿಗೆ, ಅಕ್ಟೋಬರ್ 26ರಂದು, ಸಿರಿಯಾದ ಅಲೆಪ್ಪೋ ನಗರದ ಹೊರಗೆ ಹರಿತಾನ್ ಎಂಬ ಹಳ್ಳಿಯ ಹತ್ತಿರ ಇದೇ ಮೈಸೂರು, ಜೋಧಪುರದ ಸವಾರರು ಹಿಮ್ಮೆಟ್ಟುತ್ತಿದ್ದ ತುರ್ಕರ ಹಿಂಬದಿಯ ಮೇಲೆ ನುಗ್ಗಿದರು. ಅಲ್ಲಿದ್ದ ಶತ್ರುಸೇನೆ ಎಣಿಸಿದ್ದಕ್ಕಿಂತ ತುಂಬಾ ದೊಡ್ಡದು. ಅದರ ದಂಡನಾಯಕ ಮುಸ್ತಫಾ ಕೆಮಾಲ್, ಮುಂದೆ ತುರ್ಕಿಯ ಅಧ್ಯಕ್ಷನಾದವನು. ಮೈಸೂರಿನವರೇ ಮುಂಚೂಣಿಯಲ್ಲಿದ್ದರು. ದಾಳಿ ಫಲಿಸಲಿಲ್ಲ. ಸತ್ತವರು, ಗಾಯಗೊಂಡವರು ಸೇರಿ ಸುಮಾರು 80 ಮಂದಿ, ಹೈಫಾದ ನಷ್ಟಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು. ನಾಲ್ಕು ದಿನ ಕಳೆದು ಅಕ್ಟೋಬರ್ 30ಕ್ಕೆ ತುರ್ಕಿಯೊಡನೆ ಕದನವಿರಾಮಕ್ಕೆ ಸಹಿ ಬಿತ್ತು. ನಾಲ್ಕು ದಿನ ತಡೆದಿದ್ದರೆ ಅಷ್ಟೂ ಜನ ಮನೆಗೆ ಬರುತ್ತಿದ್ದರು.

ಹರಿತಾನಿಗೆ ನೂರು ವರ್ಷ ತುಂಬಿದ್ದೂ 2018ರಲ್ಲೇ. ಆ ಅಕ್ಟೋಬರಿನಲ್ಲಿ ನಮ್ಮ ಶಾಲೆಗೆ ಯಾವ ಹಾಳೆಯೂ ಬರಲಿಲ್ಲ. ಅದೇ ರಾಜರ ಸವಾರರು, ಅವೇ ಕುದುರೆ, ಅದೇ ಭರ್ಜಿ, ಸತ್ತವರೂ ಹೆಚ್ಚು. ಆದರೆ ಹರಿತಾನಿನಿಂದ ಇಂದು ಯಾರಿಗೂ ಏನೂ ಆಗಬೇಕಾದ್ದಿಲ್ಲ. ಹೈಫಾದಿಂದ ಆಗಬೇಕಾದ್ದಿದೆ. ಗೆದ್ದ ಕಡೆ ಸತ್ತವನು ವೀರ, ಸೋತ ಕಡೆ ಸತ್ತವನು ಲೆಕ್ಕಕ್ಕಿಲ್ಲ ಎಂದು ಮಕ್ಕಳಿಗೆ ಹೇಳಿಕೊಡಬೇಕೆ? ಇದು ಸ್ಮರಣೆಯೋ, ವ್ಯವಹಾರವೋ?

2019ರ ಚಳಿಗಾಲದಲ್ಲಿ ಯಜಮಾನರಿಗೆ ಎಲ್‌ಟಿಸಿ ಸಿಕ್ಕಿತೆಂದು ದೆಹಲಿಗೆ ಹೋಗಿದ್ದೆವು. ಅವರಿಗೆ ಕುತುಬ್ ಮಿನಾರು ನೋಡುವ ಆಸೆ, ನನಗೆ ತೀನ್ ಮೂರ್ತಿ. ಮೂರು ಕಂಚಿನ ಯೋಧರು ಒಂದು ಕಲ್ಲಿನ ಕಂಬದ ಸುತ್ತ ನಿಂತಿದ್ದಾರೆ. ಲಿಯೊನಾರ್ಡ್ ಜೆನ್ನಿಂಗ್ಸ್ ಎಂಬ ಶಿಲ್ಪಿ ಮಾಡಿದ್ದು, ನಿಲ್ಲಿಸಿದ್ದು 1922ರಲ್ಲಿ. ಮೂವರೂ ಮೂರು ಸಂಸ್ಥಾನದವರು: ಹೈದರಾಬಾದು, ಜೋಧಪುರ, ಮೈಸೂರು. ನೆಹರೂ ಇದ್ದ ಮನೆಗೆ ‘ತೀನ್ ಮೂರ್ತಿ ಭವನ’ ಎಂಬ ಹೆಸರು ಬಂದದ್ದೇ ಈ ಮೂವರಿಂದ. ಆ ಹೆಸರನ್ನು ಎಷ್ಟು ಸಲ ಓದಿಸಿದ್ದೇನೆ, ಮೂರರಲ್ಲಿ ಒಬ್ಬ ನಮ್ಮವನೆಂದು ಎಷ್ಟು ವರ್ಷ ಹೇಳಲೇ ಇಲ್ಲ! ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಆ ಸ್ಮಾರಕ ಹೈಫಾಕ್ಕೆಂದೇ ನಿಲ್ಲಿಸಿದ್ದಲ್ಲ. 1914ರಿಂದ ಸೂಯೆಜ್ ಕಾಲುವೆಯ ದಂಡೆಯಲ್ಲಿ, ಸಿನಾಯ್ ಮರಳಿನಲ್ಲಿ, ಪ್ಯಾಲೆಸ್ತೀನಿನಲ್ಲಿ, ಸಿರಿಯಾದಲ್ಲಿ ಆ ದಳದವರು ಕಳೆದ ಅಷ್ಟೂ ವರ್ಷಗಳಿಗೆ, ಅಲ್ಲಿ ಸತ್ತ ಅಷ್ಟೂ ಜನಕ್ಕೆ ಸೇರಿದ್ದು. 2018ರ ಜನವರಿಯಲ್ಲಿ ಇಸ್ರೇಲಿನ ಪ್ರಧಾನಿ ಬಂದಿದ್ದಾಗ ಅದನ್ನು ‘ತೀನ್ ಮೂರ್ತಿ ಹೈಫಾ ಚೌಕ’ ಮಾಡಿದರು. ಇಬ್ಬರು ಪ್ರಧಾನಿಗಳು ಹೂವಿಟ್ಟರು. ಎರಡು ದೇಶ ಸ್ನೇಹದಿಂದಿರುವುದು ಒಳ್ಳೆಯದೇ, ಬೇಡ ಎನ್ನುವಷ್ಟು ದಡ್ಡಿ ನಾನಲ್ಲ. ಆದರೆ ಸ್ನೇಹಕ್ಕೆ ಸಾಕ್ಷಿ ಹಾಕಲು ಸತ್ತವರ ಹೆಬ್ಬೆಟ್ಟು ಒತ್ತಿಸಿಕೊಂಡಂತೆ ಆಯಿತಲ್ಲ! ಚೌಕದ ಸುತ್ತ ವಾಹನಗಳು ಗಿರಗಿರ ತಿರುಗುತ್ತಿದ್ದವು. ಮೂವರಲ್ಲಿ ಮೈಸೂರಿನವನು ಯಾರು ಎಂದು ಆಟೋದವನನ್ನು ಕೇಳಿದೆ. “ಯಾರೋ ಅಂಗ್ರೇಜರ ಕಾಲದ ಸಿಪಾಯಿಗಳು, ಅಮ್ಮಾ” ಎಂದ ಹಿಂದಿಯಲ್ಲಿ. ಹೆಸರು ಬದಲಾಗಿ ಎರಡು ವರ್ಷವಾಗುತ್ತ ಬಂದಿತ್ತು. ಆದರೂ ಅವನಿಗೆ ತಿಳಿದದ್ದು ಅಷ್ಟೇ, ಮತ್ತು ಅವನು ಹೇಳಿದ್ದು ತಪ್ಪೂ ಅಲ್ಲ.

ಹೀಗೆಲ್ಲ ಬರೆದರೆ “ಸೈನಿಕರಿಗೆ ಅವಮಾನ ಮಾಡ್ತೀರಾ” ಎನ್ನುತ್ತಾರೆ. ಎಂದಿದ್ದಾರೆ ಕೂಡ, ನನ್ನ ಸಹೋದ್ಯೋಗಿಯೊಬ್ಬರೇ. ಅವಮಾನ ಯಾವುದು? ಸತ್ತವನಿಗೆ ಅವನು ಕೇಳದ ಬಿರುದು ಹೊರಿಸಿ, ಅವನು ಎಲ್ಲಿಯವನು, ಅವನ ಹೆಂಡತಿಗೆ ಸುದ್ದಿ ಯಾವಾಗ ಮುಟ್ಟಿತು, ಯಾರು ಓದಿ ಹೇಳಿದರು ಎಂದು ಒಂದು ಮಾತೂ ವಿಚಾರಿಸದೆ ಇರುವುದು ಅವಮಾನವಲ್ಲವೆ? ಸ್ಮಾರಕವನ್ನು ಕೀಳಿ ಎಂದು ನಾನು ಹೇಳುತ್ತಿಲ್ಲ. ಹೂವಿಡಿ, ಸಲಾಮು ಮಾಡಿ, ನಾನೂ ಬರುತ್ತೇನೆ. ಕಲ್ಲಿನ ಮೇಲಿರುವ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ. ಅವರು ಸಂಬಳಕ್ಕೆ ಹೋದವರು, ರಾಜರ ಮಾತಿಗೆ ಹೋದವರು, ಮನೆಯಲ್ಲಿ ಬಾಯಿಗಳು ಹೆಚ್ಚಾಗಿ ಹೋದವರು; ಹೋದ ಮೇಲೆ ಜೊತೆಯವರನ್ನು ಬಿಟ್ಟು ಓಡಲಿಲ್ಲ ಎಂದು ಹೇಳಿ. ಇಷ್ಟು ಹೇಳಿದರೆ ಅವರ ಮರ್ಯಾದೆಗೆ ಏನು ಕಡಿಮೆಯಾಯಿತು? ಕುದುರೆಗೆ ನೀರು ಹೊತ್ತವರು, ಹುಲ್ಲು ಕೊಯ್ದವರು, ಅಡಿಗೆ ಮಾಡಿದವರೂ ಇದ್ದರು ಎಂದು ಒಂದು ಮಾತು ಸೇರಿಸಿದರೆ ನನ್ನ ಅಜ್ಜಿಯ ಆತ್ಮಕ್ಕೂ ಸಮಾಧಾನವಾದೀತು.

ಶನಿವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಾಷ್ಟ್ರು ಕಣ್ಣುಸನ್ನೆ ಮಾಡಿದರು. ಆ ಎರಡು ಹಾಳೆಯನ್ನು ನಾನು ಮಡಿಸಿ ಬ್ಯಾಗಿನಲ್ಲೇ ಬಿಟ್ಟಿದ್ದೆ. ಹೈಫಾ ಕದನವನ್ನು ನಡೆದಂತೆ ಹೇಳಿದೆ, ಕುದುರೆ ಭರ್ಜಿ ಏನನ್ನೂ ಬಿಡಲಿಲ್ಲ. ಹರಿತಾನನ್ನೂ ಹೇಳಿದೆ. ಮಿಸರದ ನೀರಿನ ಮಾತು ಹೇಳಿದೆ. ಹಿಂದಿನ ದಿನ ಒಂದು ಪ್ರಶ್ನೆ ಬಂದಿತ್ತು ಎಂದು ಆ ಹುಡುಗಿಯನ್ನೇ ಮುಂದೆ ಕರೆದು ಅದನ್ನು ಎಲ್ಲರಿಗೂ ಕೇಳಿಸುವಂತೆ ಕೇಳು ಎಂದೆ. ಕೇಳಿದಳು. “ಇಂಗ್ಲಿಷರಿಗೆ ಕೊಟ್ಟರು. ಅವರು ಅದನ್ನು ಮೊದಲೇ ಕಾಗದದಲ್ಲಿ ಬರೆದುಕೊಂಡಿದ್ದರು” ಎಂದು ಉತ್ತರ ಹೇಳಿದೆ. ಎಲ್ಲರೂ ಒಂದು ನಿಮಿಷ ಸುಮ್ಮನೆ ನಿಂತೆವು. ಐದನೇ ಕ್ಲಾಸಿನ ಸಾಲಿನಲ್ಲಿ ಯಾರೋ ಸೀನಿದರು, ಅದು ಬಿಟ್ಟರೆ ಸದ್ದಿಲ್ಲ.

ಹೆಡ್‌ಮಾಷ್ಟ್ರು ಒಳ್ಳೆಯವರೇ. ಜೋರು ಮಾಡಲಿಲ್ಲ. ಆಫೀಸಿಗೆ ಕರೆದು, “ಮೇಡಂ, ಬರೆದಿದ್ದನ್ನ ಓದಿದ್ರೆ ಸಾಕಿತ್ತು. ಕೇಳಿದವರಿಗೆ ನಾನೇನು ಹೇಳಲಿ?” ಎಂದರು. ಹಾಳೆಗಳನ್ನು ವಾಪಸು ಕೊಟ್ಟೆ. ಅವರು ಅದರ ಹಿಂದೆ ‘ಓದಲಾಯಿತು’ ಎಂದು ಬರೆದು, ತಾರೀಖು ಹಾಕಿ, ಫೈಲಿಗೆ ಸೇರಿಸಿದರು. ಮುಂದಿನ ವರ್ಷ ಭಾಷಣ ಬಂದಾಗ ಅದನ್ನು ಹಿಂದಿ ಟೀಚರಿಗೆ ಕೊಟ್ಟರು.